ತಂಬೂರಿ ರಾತ್ರಿಗೆ ಅಣ್ಣನ ಜೊತೆ

ಶಿವರಾತ್ರಿಯ ಹೊತ್ತಿಗೆ ಕೆ.ಆರ್. ನಗರ ತಾಲ್ಲೂಕಿನ ಕಪ್ಪಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾವೇರಿ ದಂಡೆಯ ಈ ಪುಟ್ಟ ಕ್ಷೇತ್ರದಲ್ಲಿ ಗುರು ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿ ಮತ್ತು ಚನ್ನಾಜಮ್ಮನವರ ಗದ್ದಿಗೆಗಳಿವೆ. ಅಂದು ಆರಂಭವಾಗುವ ಜಾತ್ರೆ ಯುಗಾದಿಯವರೆಗೂ ಎಳೆಯುತ್ತದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಮಂಡ್ಯ, ಚಾಮರಾಜನಗರದ ಕಡೆಯಿಂದ ಜನ ಬರುತ್ತಾರೆ. ಬೆಳಿಗ್ಗೆ ಬಂದು ಗದ್ದಿಗೆಗೆ ಕೈಮುಗಿದು, ಕಳ್ಳೆಪುರಿ ಕಟ್ಟಿಸಿಕೊಂಡು ಸಂಜೆ ಬಸ್ಸಿಗೆ ಹೊರಡುವವರು ಕೆಲವರು. ಇನ್ನು ಕೆಲವರು ಬರುವುದೇ ಸಂಜೆಗೆ. ಬಗಲಲ್ಲಿ ಸುತ್ತಿದ ಚಾಪೆ, ಹೆಗಲ ಮೇಲೆ ಕಂಬಳಿ. ಅವರು ತಂಬೂರಿ ಪದ ಕೇಳಲು ಬಂದವರು. ತಮಗೆ ಇಷ್ಟವಾದ ಹಾಡುಗಾರ ಯಾರು, ಆ ಹಾಡುಗಾರನ ಮೇಳ ಯಾವ ಮರದ ಕೆಳಗೆ ಕೂರುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ.

ಹೀಗೆ ಚಾಪೆ ಹಿಡಿದು ಬರುವವರ ನಡುವೆ ಗಂಡ–ಹೆಂಡತಿಗಿಂತ ಹೆಚ್ಚಾಗಿ ಕಣ್ಣಿಗೆ ಬೀಳುವುದು ಒಡಹುಟ್ಟಿದವರು. ಅಣ್ಣನ ಜೊತೆ ತಂಗಿ, ಅಕ್ಕನ ಹಿಂದೆ ತಮ್ಮ, ಕೆಲವೊಮ್ಮೆ ನರೆತ ತಲೆಯ ಇಬ್ಬರು ಅಕ್ಕತಂಗಿಯರು. ಇದಕ್ಕೆ ಕಾರಣ ಈ ಸೀಮೆಯ ಬದುಕಿನ ಲೆಕ್ಕಾಚಾರದಲ್ಲೇ ಇದೆ. ಮದುವೆಯಾಗಿ ಬೇರೆ ಊರು ಸೇರಿದ ಹೆಣ್ಣುಮಗಳು ತವರಿಗೆ ಬರುವುದು ಗೌರಿಹಬ್ಬಕ್ಕೆ, ಊರಹಬ್ಬಕ್ಕೆ, ಜಾತ್ರೆಗೆ. ಕರೆಯಲು ಹೋಗುವವನು ಅಣ್ಣನೋ ತಮ್ಮನೋ. ಹಬ್ಬ ಎಂದ ಮೇಲೆ ರಾತ್ರಿ ಹಾಡುಗಾರಿಕೆ ಇದ್ದೇ ಇರುತ್ತದೆ. ಹೀಗಾಗಿ ಹಳ್ಳಿಯ ಹೆಣ್ಣುಮಗಳು ತನ್ನ ಮೆಚ್ಚಿನ ಗಾಯಕರನ್ನು ಎದುರಿಗೆ ಕೂತು ಕೇಳುವುದು ಬಹುಪಾಲು ಒಡಹುಟ್ಟಿದವರ ಜೊತೆಯಲ್ಲೇ. ಮದುವೆಗೆ ಮುಂಚಿನ ಮಾತೂ ಅದೇ. ಪಕ್ಕದೂರಿನ ಕಾರ್ಯಕ್ರಮ ಮುಗಿಯುವುದು ನಡುರಾತ್ರಿ ದಾಟಿ. ಆ ಹೊತ್ತಿಗೆ ಬಸ್ಸಿಲ್ಲ. ‘ಅಣ್ಣ ಬಂದ್ರೆ ಹೋಗು’ ಎಂಬುದು ಮನೆಯವರ ಷರತ್ತು. ಹುಣಸೂರು–ಪಿರಿಯಾಪಟ್ಟಣ ರಸ್ತೆಯಲ್ಲಿ ಹಬ್ಬದ ರಾತ್ರಿಗಳಲ್ಲಿ ಎಕ್ಸೆಲ್ ಗಾಡಿಯ ಹಿಂದೆ ಶಾಲು ಹೊದ್ದು ಕೂತ ಹುಡುಗಿಯರು ಈ ಷರತ್ತನ್ನು ಗೆದ್ದು ಬಂದವರು.

ಇಲ್ಲಿ ಹಾಡುವವರು ಯಾರು, ಹಾಡುವುದು ಏನನ್ನು ಎಂದು ನೋಡಿದರೆ ಈ ಜೊತೆಗಾರಿಕೆಗೆ ಇನ್ನೂ ಆಳದ ಅರ್ಥವಿದೆ ಎನಿಸುತ್ತದೆ.

ತಂಬೂರಿ ಪದದವರನ್ನು ನೀಲಗಾರರು ಎನ್ನುತ್ತಾರೆ. ಅವರು ಮಂಟೇಸ್ವಾಮಿ ಪರಂಪರೆಯ ಒಕ್ಕಲಿನ ಗುಡ್ಡರು. ಮಂಟೇಸ್ವಾಮಿಯ ಗದ್ದಿಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ. ಶಿಷ್ಯ ಸಿದ್ದಪ್ಪಾಜಿಯದು ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ, ರಾಚಪ್ಪಾಜಿಯದು ಕಪ್ಪಡಿಯಲ್ಲಿ. ಈ ಒಕ್ಕಲಿನ ಕುಟುಂಬಗಳಲ್ಲಿ ಒಂದು ಹರಕೆ ತಲೆಮಾರುಗಳಿಂದ ನಡೆದುಬಂದಿದೆ. ಮನೆಯ ಗಂಡುಮಕ್ಕಳಲ್ಲಿ ಒಬ್ಬನನ್ನು ನೀಲಗಾರನಾಗಿ ಬಿಡಬೇಕು. ಅವನು ದೀಕ್ಷೆ ಪಡೆದು, ಕಥೆ ಕಲಿತು, ಭಿಕ್ಷೆಗೆ ಹೋಗಿ ಹಾಡಬೇಕು. ಇದಕ್ಕೆ ಒಂದೇ ಜಾತಿಯ ಕಟ್ಟುಪಾಡಿಲ್ಲ. ಹಲವು ಜಾತಿಗಳ ಮನೆಗಳು ಈ ಪರಂಪರೆಗೆ ನಡೆದುಕೊಳ್ಳುತ್ತವೆ. ಅಂದರೆ ಎದುರಿಗೆ ಕೂತು ಹಾಡುತ್ತಿರುವವನೂ ಯಾವುದೋ ಮನೆಯ ಅಣ್ಣ, ಯಾರದೋ ತಮ್ಮ. ದೇವರಿಗೆಂದು ಬಿಟ್ಟ ಆ ಒಬ್ಬನ ಹಾಡನ್ನು ಅವನ ಜೊತೆ ಹುಟ್ಟಿದವರು ಜನರ ನಡುವೆ ಕೂತು ಕೇಳುತ್ತಾರೆ. ಇಂಥ ಕೇಳುಗರನ್ನು ನಗರದ ಸಭಾಂಗಣಗಳಲ್ಲಿ ಹುಡುಕಿದರೆ ಸಿಗುವುದಿಲ್ಲ.

ನೀಲಗಾರರು ಹಾಡುವ ಕಥೆಯ ನಡುಮಧ್ಯೆಯೂ ಮಗನನ್ನು ಬಿಟ್ಟುಕೊಡುವ ಇದೇ ವಿಷಯವಿದೆ. ಸಿದ್ದಪ್ಪಾಜಿ ಎಂದಾಗುವ ಮೊದಲು ಕಥಾನಾಯಕ ನಿಡುಘಟ್ಟದ ಕೆಂಪಾಚಾರಿ. ಕಮ್ಮಾರಿಕೆಯ ಮನೆಯ ಮಗ. ಮಂಟೇಸ್ವಾಮಿ ಬಂದು ಆ ಮಗನನ್ನೇ ತನಗೆ ಕೊಡಿ ಎಂದು ಕೇಳುತ್ತಾನೆ. ಹೆತ್ತವರು ಕೊಡಲಾರರು, ಗುರು ಬಿಡಲಾರ. ಕೊನೆಗೆ ಹುಡುಗ ಮನೆ ಬಿಡುತ್ತಾನೆ, ಪರೀಕ್ಷೆಗಳನ್ನು ದಾಟುತ್ತಾನೆ, ಕಬ್ಬಿಣದ ಭಿಕ್ಷೆಗೆಂದು ಹಲಗೂರಿನ ಪಾಂಚಾಳರ ಬಳಿ ಹೋಗಿ ಅವರು ಒಡ್ಡಿದ ಕಠಿಣ ಸವಾಲುಗಳನ್ನು ಗೆಲ್ಲುತ್ತಾನೆ. ಮಗನನ್ನು ಕಳೆದುಕೊಂಡ ಮನೆಯ ಗೋಳಿನ ಭಾಗ ಬಂದಾಗ ಹೆಂಗಸರ ಸಾಲಿನಲ್ಲಿ ಸೆರಗು ಕಣ್ಣಿಗೆ ಹೋಗುತ್ತದೆ. ಕಥೆ ಎಲ್ಲರಿಗೂ ಬಾಯಿಪಾಠ. ಆದರೂ ಅಳು ಬರುತ್ತದೆ, ಏಕೆಂದರೆ ಅಲ್ಲಿ ಕೂತ ಎಷ್ಟೋ ಮನೆಗಳಿಗೆ ಇದು ಪುರಾಣದ ಮಾತಲ್ಲ.

ಮೇಳದ ಕಟ್ಟು ಸರಳ. ಮುಖ್ಯ ಹಾಡುಗಾರನ ಹೆಗಲಿಗೆ ತಂಬೂರಿ. ಒಂದು ಕೈ ತಂತಿ ಮೀಟುತ್ತಿದ್ದರೆ ಇನ್ನೊಂದು ಕೈಯಲ್ಲಿ ಗಗ್ಗರ. ಹಿಮ್ಮೇಳದ ಇಬ್ಬರು ಮೂವರ ಬಳಿ ಡಕ್ಕೆ ಮತ್ತು ತಾಳ. ಮುಖ್ಯ ಹಾಡುಗಾರ ಸೊಲ್ಲು ಎತ್ತುತ್ತಾನೆ, ಹಿಮ್ಮೇಳ ಅದನ್ನು ಹಿಡಿದು ಎಳೆಯುತ್ತದೆ, ಆ ಎಳೆತದ ನಡುವೆ ಅವನು ಉಸಿರು ತೆಗೆದುಕೊಂಡು ಮುಂದಿನ ಸೊಲ್ಲನ್ನು ಕಟ್ಟಿಕೊಳ್ಳುತ್ತಾನೆ. ಹಾಡಿನ ಮಧ್ಯೆ ತಟ್ಟನೆ ತಂಬೂರಿ ತಗ್ಗಿಸಿ ಮಾತಿಗೆ ಇಳಿಯುತ್ತಾನೆ. ಆಗ ಹಿಮ್ಮೇಳದವನೊಬ್ಬ ಪ್ರತಿ ಮಾತಿಗೂ ‘ಹೂಂ’ ಎನ್ನಬೇಕು, ‘ಆಮೇಲೇನಾಯ್ತು’ ಎಂದು ಕೇಳಬೇಕು. ಈ ‘ಹೂಂ’ ಸಣ್ಣ ಕೆಲಸವೆಂದು ತಿಳಿಯಬಾರದು. ಹೂಂಗುಟ್ಟುವವನು ತೂಕಡಿಸಿದರೆ ಕಥೆಯೇ ತೂಕಡಿಸುತ್ತದೆ. ಅನುಭವಸ್ಥ ಹಾಡುಗಾರ ಕೇಳುಗರ ಮುಖ ನೋಡಿಯೇ ಕಥೆಯನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಮಕ್ಕಳು ಮುಂದೆ ಕೂತಿದ್ದರೆ ತಮಾಷೆಯ ಭಾಗ ಉದ್ದವಾಗುತ್ತದೆ. ಮುದುಕಿಯರು ಹೆಚ್ಚಿದ್ದರೆ ದುಃಖದ ಸಾಲುಗಳು ಎರಡೆರಡು ಸಲ ಬರುತ್ತವೆ.

ರಾತ್ರಿ ಊಟ ಮುಗಿದ ಮೇಲೆ ಶುರುವಾದ ಕಥೆ ಕೋಳಿ ಕೂಗುವ ಹೊತ್ತಿಗೆ ಮುಗಿಯುತ್ತದೆ. ಅಷ್ಟು ಹೊತ್ತು ಒಬ್ಬರೇ ಎಚ್ಚರವಿರುವುದು ಕಷ್ಟ. ಒಡಹುಟ್ಟಿದವರು ಜೊತೆಗೆ ಬೇಕಾಗುವುದು ಇಲ್ಲಿಯೇ. ಒಬ್ಬರು ಕಣ್ಣು ಮುಚ್ಚಿದಾಗ ಇನ್ನೊಬ್ಬರು ಕಥೆಯ ಕಾವಲು.

‘ಅಣ್ಣೋ, ಕತೆ ಎಲ್ಲಿಗ್ ಬಂತು?’

‘ಹಲಗೂರ್‌ಗೆ ಬಂದವ್ರೆ ಕಣವ್ವ, ಇನ್ನೂ ಹೊತ್ತದೆ. ಮನಿಕ್ಕೊ, ನಾನ್ ಎಬ್ಬುಸ್ತೀನಿ.’

ಕಂಬಳಿಯೊಳಗಿನಿಂದ ಬರುವ ಇಂಥ ಪಿಸುಮಾತು ಯಾವ ತಂಬೂರಿ ರಾತ್ರಿಯಲ್ಲಾದರೂ ಕೇಳುತ್ತದೆ. ಪವಾಡದ ಘಟ್ಟ ಬಂದಾಗ ಅಣ್ಣ ಮಾತು ತಪ್ಪದೆ ಎಬ್ಬಿಸುತ್ತಾನೆ. ಅಕಸ್ಮಾತ್ ತಪ್ಪಿದರೆ ಆ ದೂರು ವರ್ಷಗಟ್ಟಲೆ ಮನೆಯಲ್ಲಿ ಉಳಿಯುತ್ತದೆ.

ಜಾತ್ರೆ ಒಂದೇ ವೇದಿಕೆಯಲ್ಲ. ಮೈಸೂರು, ಮಂಡ್ಯ, ಚಾಮರಾಜನಗರದ ಹಳ್ಳಿಗಳಲ್ಲಿ ಸಾವಿನ ಹನ್ನೊಂದನೆಯ ದಿನದ ತಿಥಿಗೂ ತಂಬೂರಿಯವರನ್ನು ಕರೆಸುವುದುಂಟು. ಹೋದವರ ಮಕ್ಕಳೆಲ್ಲ ಒಂದೇ ಸೂರಿನಡಿ ಕೂಡುವ ರಾತ್ರಿ ಅದು. ಹೊಲದ ಪಾಲಿಗೆ ಜಗಳವಾಡಿ ವರ್ಷಗಳಿಂದ ಮಾತುಬಿಟ್ಟ ಅಣ್ಣತಮ್ಮಂದಿರೂ ಅಂದು ಒಂದೇ ಜಮಖಾನದ ಮೇಲೆ ಕೂತು ಕೇಳಬೇಕಾಗುತ್ತದೆ. ಕಥೆ ಅವರನ್ನು ಒಂದು ಮಾಡುತ್ತದೆ ಎಂದು ಹೇಳುವಂತಿಲ್ಲ. ಬೆಳಗಿನವರೆಗೆ ಒಟ್ಟಿಗೆ ಕೂರಿಸುತ್ತದೆ ಎಂಬುದಂತೂ ನಿಜ.

ತಂಬೂರಿಯ ಜೊತೆಗೇ ಹೇಳಬೇಕಾದದ್ದು ಕಂಸಾಳೆ. ಮಲೆ ಮಹದೇಶ್ವರನ ದೇವರಗುಡ್ಡರ ಕೈಯ ವಾದ್ಯ ಅದು. ಹಿತ್ತಾಳೆಯ ಬಟ್ಟಲು ಒಂದು ಕೈಯಲ್ಲಿ, ತಟ್ಟೆ ಇನ್ನೊಂದರಲ್ಲಿ. ಕೂತು ಹಾಡುವಾಗ ತಾಳವಾಗುತ್ತದೆ, ಎದ್ದು ಬೀಸಿದರೆ ಕುಣಿತವಾಗುತ್ತದೆ. ಮಾದಪ್ಪನ ಕಾವ್ಯವನ್ನು ‘ಸಾಲು’ಗಳಾಗಿ ಹಾಡುತ್ತಾರೆ: ಶ್ರವಣದೊರೆಯ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ಪಿ.ಕೆ. ರಾಜಶೇಖರ ಅವರು 1970ರ ದಶಕದಲ್ಲೇ ಮಾದೇಶ್ವರನ ಕಾವ್ಯವನ್ನು ಹಾಡುಗಾರರ ಬಾಯಿಂದ ಸಂಗ್ರಹಿಸಿ ಅಚ್ಚು ಹಾಕಿಸಿದರು. ಹೆಬ್ಬಣಿ ಮಾದಯ್ಯ ಮತ್ತು ಅವರ ಮೇಳ ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು, ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅದನ್ನು ಇಂಗ್ಲಿಷಿಗೆ ತಂದರು. ಓದು ಬರಹದ ಹಂಗಿಲ್ಲದೆ ತಲೆಮಾರಿನಿಂದ ತಲೆಮಾರಿಗೆ ಬಂದ ಕಾವ್ಯವೊಂದು ಹೀಗೆ ಸಾಹಿತ್ಯ ಅಕಾಡೆಮಿಯ ಪುಸ್ತಕವಾಯಿತು. ಆ ಪುಸ್ತಕದ ಮೇಲೆ ಹಾಡುಗಾರನ ಹೆಸರೂ ಇದೆ ಎಂಬುದು ಮುಖ್ಯ.

ಈ ಕಥೆಗಳನ್ನು ಜಾತ್ರೆಯಿಂದ ಮನೆಯೊಳಗೆ ತಂದದ್ದು ಕ್ಯಾಸೆಟ್. ಮಳವಳ್ಳಿ ಮಹದೇವಸ್ವಾಮಿ ಅವರ ದನಿಯ ಮಾದೇಶ್ವರನ ಕಥೆ ಹಳೇ ಮೈಸೂರು ಸೀಮೆಯ ಗುಡಿಯ ಮೈಕುಗಳಲ್ಲಿ, ಖಾಸಗಿ ಬಸ್ಸುಗಳಲ್ಲಿ, ಹೋಟೆಲುಗಳಲ್ಲಿ ಕೇಳದ ದಿನವಿರಲಿಲ್ಲ. ಮೈಸೂರು ಗುರುರಾಜ್ ಅವರ ತಂಬೂರಿ ಪದಗಳಿಗೂ ಅಂಥದೇ ಅಭಿಮಾನಿಗಳಿದ್ದಾರೆ. ಒಂದೇ ಟೇಪ್ ರೆಕಾರ್ಡರ್ ಮುಂದೆ ಕೂತು ಬೆಳೆದ ಮಕ್ಕಳಿಗೆ ಗಾಯಕರ ದನಿ ಮುಖಕ್ಕಿಂತ ಮೊದಲು ಪರಿಚಯವಾಗಿತ್ತು. ಆ ದನಿಯ ಒಡೆಯರನ್ನು ಊರಹಬ್ಬದ ವೇದಿಕೆಯ ಮೇಲೆ ಮೊದಲ ಸಲ ನೋಡುವುದು ಅಣ್ಣತಂಗಿಯರು ಕೂಡಿ ಕಟ್ಟಿಕೊಂಡಿದ್ದ ಆಸೆ. 1996ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಜನುಮದ ಜೋಡಿ’ ಸಿನಿಮಾ ಬಂದಾಗ ಕಂಸಾಳೆ ಪದದ ಧಾಟಿ ಇಡೀ ರಾಜ್ಯಕ್ಕೆ ಹಬ್ಬಿತು. ಆ ಧಾಟಿಯ ಹಾಡನ್ನು ಹಾಡಿದ ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿ ಬಂತು. ಹುಣಸೂರು, ಕೋಟೆಯ ಕಡೆಯವರಿಗೆ ಮಾತ್ರ ಅದು ಹೊಸದೇನೂ ಆಗಿರಲಿಲ್ಲ, ತಮ್ಮ ಜಗಲಿಯ ಹಾಡು ಪರದೆಯ ಮೇಲೆ ಕಂಡ ಹೆಮ್ಮೆ ಇತ್ತು.

ರೇಡಿಯೋದ ಪಾತ್ರವನ್ನೂ ಮರೆಯುವಂತಿಲ್ಲ. ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದ ಬಾನುಲಿ ಪ್ರಸಾರ ಆರಂಭಿಸಿದರು, ‘ಆಕಾಶವಾಣಿ’ ಎಂಬ ಹೆಸರು ಆ ಪ್ರಯತ್ನದ್ದೇ. ಇಂದು ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಸಮುದಾಯ ಬಾನುಲಿ ‘ಜನಧ್ವನಿ’ 90.8ರಲ್ಲಿ ಎಚ್.ಡಿ. ಕೋಟೆ ಸೀಮೆಯ ಮಾತು, ಹಾಡು ಕೇಳುತ್ತದೆ.

ಅಮೆರಿಕದಲ್ಲಿ ಹಳ್ಳಿಗಾಡಿನ ಸಂಗೀತವಾದ ಕಂಟ್ರಿ ಬೆಳೆದ ದಾರಿಯೂ ಹೆಚ್ಚು ಕಡಿಮೆ ಇದೇ. ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಡಬ್ಲ್ಯು.ಎಸ್.ಎಂ. ಬಾನುಲಿ 1925ರ ನವೆಂಬರ್ 28ರಂದು ಪಿಟೀಲು ಬಾರಿಸುವ 77 ವರ್ಷದ ಅಜ್ಜ ಜಿಮ್ಮಿ ಥಾಮ್ಸನ್‌ರನ್ನು ಕೂರಿಸಿ ನುಡಿಸಿತು. ಮುಂದೆ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂದು ಹೆಸರಾದ ಆ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ. 1927ರಲ್ಲಿ ಬ್ರಿಸ್ಟಲ್ ಪಟ್ಟಣಕ್ಕೆ ಬಂದ ಧ್ವನಿಮುದ್ರಕ ರಾಲ್ಫ್ ಪಿಯರ್ ಎದುರು ಬೆಟ್ಟದೂರಿನ ಕಾರ್ಟರ್ ಕುಟುಂಬ ಹಾಡಿತು. ಆಮೇಲೆ ಲೂವಿನ್ ಸಹೋದರರು, ಎವರ್ಲಿ ಸಹೋದರರು ಬಂದರು. ಒಂದೇ ಮನೆಯಲ್ಲಿ ಬೆಳೆದ ಎರಡು ದನಿ ಬೆರೆತಾಗ ಹುಟ್ಟುವ ಹೊಂದಾಣಿಕೆ ಅಲ್ಲಿನ ಕೇಳುಗರಿಗೆ ಬಲು ಪ್ರಿಯ. ಅಲ್ಲೂ ಹಾಡುವವರು ಕುಟುಂಬ, ಕೇಳುವವರೂ ಕುಟುಂಬ.

ನಮ್ಮಲ್ಲಿ ದೇವರುಗಳೂ ಒಡಹುಟ್ಟಿದವರೇ! ಬೆಟ್ಟದ ಚಾಮುಂಡಿಯ ತಂಗಿ ಉತ್ತನಹಳ್ಳಿಯಮ್ಮ. ಮೈಸಾಸುರನ ನೆತ್ತರು ನೆಲಕ್ಕೆ ಬಿದ್ದಲ್ಲೆಲ್ಲ ಇನ್ನೊಬ್ಬ ರಕ್ಕಸ ಏಳುತ್ತಿದ್ದಾಗ, ನಾಲಗೆ ಚಾಚಿ ಆ ನೆತ್ತರನ್ನು ಹೀರಿ ಅಕ್ಕನನ್ನು ಗೆಲ್ಲಿಸಿದವಳು ಅವಳು ಎಂದು ಜನಪದರು ಹಾಡುತ್ತಾರೆ. ಸರಗೂರು ಕಡೆಯ ಬೆಟ್ಟದ ಚಿಕ್ಕದೇವಮ್ಮನನ್ನೂ ಭಕ್ತರು ಇದೇ ಅಕ್ಕತಂಗಿಯರ ಬಳಗಕ್ಕೆ ಸೇರಿಸುತ್ತಾರೆ. 2024ರಲ್ಲಿ ಮೈಸೂರಿನ ಯುವ ದಸರಾ ಮಹಾರಾಜ ಕಾಲೇಜು ಮೈದಾನದಿಂದ ಸ್ಥಳ ಬದಲಿಸಿ ಉತ್ತನಹಳ್ಳಿಯ ಬಯಲಿಗೆ ಹೋಯಿತು. ಅಕ್ಟೋಬರ್‌ನ ಆ ರಾತ್ರಿಗಳಲ್ಲಿ ಶ್ರೇಯಾ ಘೋಷಾಲ್, ಎ.ಆರ್. ರೆಹಮಾನ್, ಇಳಯರಾಜ ಅಲ್ಲಿ ಹಾಡಿದರು, ನುಡಿಸಿದರು. ಚಾಮುಂಡಿಯ ಹಬ್ಬಕ್ಕೆ ತಂಗಿಯ ಊರಿನಲ್ಲಿ ಹಾಡು! ಇದನ್ನು ಯೋಜಿಸಿದವರು ಜಾಗದ ಅನುಕೂಲವನ್ನಷ್ಟೇ ನೋಡಿರಬಹುದು. ಜನಪದ ಬಲ್ಲವರಿಗೆ ಮಾತ್ರ ಅದರಲ್ಲಿ ಒಂದು ಸೊಗಸು ಕಂಡೇ ಕಂಡಿತು.

ಹಾಡಿನ ಹಂಗಾಮಿಗೂ ಹೊಲದ ಹಂಗಾಮಿಗೂ ನೇರ ನಂಟಿದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ರೈತರಿಗೆ ಹೊಗೆಸೊಪ್ಪಿನ ಹರಾಜಿನ ದುಡ್ಡು ಕೈಗೆ ಬರುವುದು, ಕೆ.ಆರ್. ನಗರದ ಭತ್ತ ಕಣ ಸೇರುವುದು ವರ್ಷದ ಕೊನೆಯ ತಿಂಗಳುಗಳಲ್ಲಿ. ಅಲ್ಲಿಂದ ಮುಂದೆ ಸಂಕ್ರಾಂತಿಯ ಹೊತ್ತಿನ ಚುಂಚನಕಟ್ಟೆಯ ದನಗಳ ಜಾತ್ರೆ, ಪುಷ್ಯದ ಹುಣ್ಣಿಮೆಯ ಚಿಕ್ಕಲ್ಲೂರು, ಶಿವರಾತ್ರಿಯ ಕಪ್ಪಡಿ, ಬೇಸಿಗೆಯ ಊರಹಬ್ಬಗಳು ಸಾಲಾಗಿ ಬರುತ್ತವೆ. ಬೆಲೆ ಚೆನ್ನಾಗಿ ಸಿಕ್ಕ ವರ್ಷ ಹಬ್ಬದ ಸಮಿತಿ ದೊಡ್ಡ ಮೇಳವನ್ನು ಕರೆಸುತ್ತದೆ. ಬೆಲೆ ಬಿದ್ದ ವರ್ಷ ವಂತಿಗೆ ಇಳಿಯುತ್ತದೆ, ವೇದಿಕೆಯೂ ಚಿಕ್ಕದಾಗುತ್ತದೆ.

ಈಗೀಗ ಊರಹಬ್ಬದ ವೇದಿಕೆಯನ್ನು ‘ಜಾನಪದ ರಸಮಂಜರಿ’ ಆಕ್ರಮಿಸಿಕೊಂಡಿದೆ. ಕೀಬೋರ್ಡು, ರಿದಂ ಪ್ಯಾಡು, ಬಣ್ಣದ ದೀಪ. ಒಂದು ಮಾದಪ್ಪನ ಹಾಡು, ಅದರ ಬೆನ್ನಿಗೆ ಒಂದು ಸಿನಿಮಾ ಹಾಡು. ಇದನ್ನು ಹಳಿಯುವುದು ಸರಿಯಲ್ಲ. ಕುರಿ ಕಾಯುತ್ತಿದ್ದ ಹಾವೇರಿ ಜಿಲ್ಲೆಯ ಹನುಮಂತ ಟಿ.ವಿ.ಯ ‘ಸರಿಗಮಪ’ದಲ್ಲಿ ಜನಪದ ಹಾಡಿ ಮನೆಮಾತಾದ ಮೇಲೆ ಹಳ್ಳಿಯ ಹುಡುಗರಿಗೆ ಜನಪದ ಹಾಡುವುದು ನಾಚಿಕೆಯ ಸಂಗತಿಯಾಗಿ ಉಳಿಯಲಿಲ್ಲ. ರಸಮಂಜರಿಯಲ್ಲಿ ಹುಡುಗಿಯರೂ ಮೈಕು ಹಿಡಿಯುತ್ತಾರೆ. ನೀಲಗಾರರ ಮೇಳದಲ್ಲಿ ಆ ಅವಕಾಶ ಇರಲಿಲ್ಲ. ಇದು ದೊಡ್ಡ ಗಳಿಕೆ.

ಕಳೆದುಕೊಂಡದ್ದೂ ಇದೆ. ಕಥೆ ಹೋಗಿ ಹಾಡಿನ ತುಣುಕು ಉಳಿದಿದೆ. ಸಂಕಮ್ಮನ ಸಾಲು ಪೂರ್ತಿ ಕೇಳಿದವರಿಗೆ ಅವಳು ಗಂಡನ ಅನುಮಾನದ ಕೈಯಲ್ಲಿ ಪಟ್ಟ ಪಾಡು, ಅದನ್ನು ಎದುರಿಸಿ ನಿಂತ ಬಗೆ ಗೊತ್ತಾಗುತ್ತದೆ. ನಾಲ್ಕು ನಿಮಿಷದ ಹಾಡಿನಲ್ಲಿ ಅವಳ ಹೆಸರಷ್ಟೇ ಕಿವಿಗೆ ಬೀಳುತ್ತದೆ. ತಂಬೂರಿಯವರನ್ನು ವೇದಿಕೆಗೆ ಕರೆದರೂ ‘ಅರ್ಧ ಗಂಟೆಯಲ್ಲಿ ಮುಗಿಸಿ’ ಎನ್ನುವ ಸಂಘಟಕರು ಹೆಚ್ಚಾಗಿದ್ದಾರೆ. ರಾತ್ರಿಯಿಡೀ ಹಾಡಬಲ್ಲ ಕಲಾವಿದನನ್ನು ಅರ್ಧ ಗಂಟೆಗೆ ಕೂರಿಸಿದರೆ ಅವನಿಗೆ ಕಥೆಯ ಬಾಗಿಲು ತೆರೆಯುವುದಕ್ಕೂ ಹೊತ್ತು ಸಾಲದು. ಹಾಡುವ ಅವಕಾಶವಿಲ್ಲದ ಸಾಲುಗಳನ್ನು ಕಿರಿಯರು ಕಲಿಯುವುದಿಲ್ಲ. ಕಲಿಯದ ಸಾಲುಗಳು ಹಿರಿಯರ ಜೊತೆಗೇ ಹೋಗುತ್ತವೆ. ಪುಸ್ತಕದಲ್ಲಿ ಪಾಠ ಉಳಿದೀತು. ಕೇಳುಗರ ಮುಖ ನೋಡಿ ಕಥೆಯನ್ನು ಹಿಗ್ಗಿಸುವ ಆ ವಿದ್ಯೆ ಪುಸ್ತಕಕ್ಕೆ ಇಳಿಯುವಂಥದಲ್ಲ.

ಹೀಗಾಗಿ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ತಾಲ್ಲೂಕುಗಳ ಹಬ್ಬದ ಸಮಿತಿಗಳಲ್ಲಿ ಒಂದು ಮನವಿ. ರಸಮಂಜರಿಗೆ ಒಂದು ರಾತ್ರಿ ಕೊಡಿ, ಬೇಡವೆನ್ನುವವರಿಲ್ಲ. ಆದರೆ ಹಬ್ಬದ ಇನ್ನೊಂದು ರಾತ್ರಿಯನ್ನು ಪೂರ್ತಿಯಾಗಿ ತಂಬೂರಿಯವರಿಗೋ ಕಂಸಾಳೆಯವರಿಗೋ ಬಿಟ್ಟುಕೊಡಿ. ಯಾವ ಕಥೆ ಹಾಡುತ್ತಾರೆಂದು ಮೊದಲೇ ಊರಿಗೆ ತಿಳಿಸಿ, ಸಂಭಾವನೆಯನ್ನು ಕಾರ್ಯಕ್ರಮ ಮುಗಿದ ಬೆಳಿಗ್ಗೆಯೇ ಕೈಗಿಡಿ. ಓದುಗರಿಗೂ ಒಂದು ಮಾತು: ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುವ ನಿಮ್ಮ ಅಕ್ಕನಿಗೆ, ತಮ್ಮನಿಗೆ ಈ ಸಲ ಶಿವರಾತ್ರಿಗೆ ಮುಂಚೆಯೇ ಫೋನು ಮಾಡಿ. ಕಪ್ಪಡಿಯಲ್ಲಿ ಹಾಡು ಕೇಳಲು ಟಿಕೆಟ್ ಇಲ್ಲ. ಚಾಪೆ ಮತ್ತು ಕಂಬಳಿಯನ್ನು ಮಾತ್ರ ನೀವೇ ಒಯ್ಯಬೇಕು.